ಒಂಬತ್ತು ವರ್ಷದ ಬಿಳಿ ಕಾಗದ

ಅಂಗೈಯಗಲದ ಬಿಳಿ ಕಾಗದ. ಅದನ್ನು ತೂಗಿ ದೂಳಳೆಯುವ ಯಂತ್ರದೊಳಗೆ ಇಡುವುದು, ಮರುದಿನ ತೆಗೆದು ಮತ್ತೆ ತೂಗುವುದು. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಒಂಬತ್ತು ವರ್ಷ ನಾನು ಮಾಡಿದ ನೌಕರಿ ಇಷ್ಟೇ. ಹೆಚ್ಚಿದ ತೂಕವೇ ಊರು ಉಸಿರಾಡಿದ ದೂಳು. ಯಂತ್ರ ಇದ್ದದ್ದು ಕಬ್ಬಿಣದ ಕಾರ್ಖಾನೆಯ ಹಿಂದೆ, ನೀಲವ್ವನ ಮಾಳಿಗೆಯ ಮೇಲೆ. ಆಕೆಯ ಗಂಡ ಸಂಗಣ್ಣ ಅದೇ ಕಾರ್ಖಾನೆಯ ಕುಲುಮೆಯಲ್ಲಿ ದುಡಿದು, ಎದೆ ಕೆಡಿಸಿಕೊಂಡು ಮಲಗಿದ್ದ.

"ಊರ ಪರವಾಗಿ ಉಸಿರಾಡೋ ಮಶೀನು ಇದು ನೀಲವ್ವಾ, ಜ್ವಾಕಿ ಮಾಡ್ರಿ," ಎಂದು ಮೊದಲ ದಿನ ದೊಡ್ಡ ಪಂಡಿತನ ಹಾಗೆ ಹೇಳಿದ್ದೆ. ಎಂಥ ಮಾತು ಆಡಿದೆನೋ!

ಕಾರ್ಖಾನೆಗೆ ಮೂರನೆಯ ಚಿಮಣಿ ಏಳುತ್ತದೆ ಎಂದಾಗ ನೀಲವ್ವ ಓಣಿಯವರ ಸಹಿ ಕೂಡಿಸಿ ಅರ್ಜಿ ಕೊಟ್ಟಳು. ಅಹವಾಲು ಸಭೆಯಲ್ಲಿ ಎದ್ದು ನಿಂತು, "ಇನ್ನೊಂದು ಎದ್ರ ನಮ್ಮ ಮನಿಯವ್ರು ಉಳಿಯೂದಿಲ್ರಿ," ಎಂದಳು. ನಮ್ಮ ಮಂಡಳಿಯ ಸಾಹೇಬರು ನನ್ನ ರಿಜಿಸ್ಟರು ಬಿಡಿಸಿದರು. ದೂಳು ವರ್ಷದಿಂದ ವರ್ಷಕ್ಕೆ ಇಳಿದಿತ್ತು! "ಸೌದೆ ಒಲೆ ಹೋಗಿ ಗ್ಯಾಸು ಬಂತು, ರಸ್ತೆಗೆ ಡಾಂಬರು ಬಿತ್ತು. ಗಾಳಿ ಸುಧಾರಿಸಿದೆ. ಇನ್ನೊಂದು ಚಿಮಣಿಯನ್ನ ಊರು ತಡಕೊಳ್ತದೆ," ಎಂದರು. ಹಾಳಾದವನು, ನಾನು ಹೆಮ್ಮೆಯಿಂದ ಕೂತಿದ್ದೆ. ನೀಲವ್ವ ನನ್ನನ್ನೇ ನೋಡಿದಳು. "ಮಶೀನ ಹಂಗ ಹೇಳಿದ್ರ ಖರೇನ ಇರಬೇಕ್ರಿ," ಎಂದು ಕೂತುಬಿಟ್ಟಳು.

ಆ ಮುಖ ಮರೆಯಲಾಗದೆ, ದಿನಾ ಒಂಬತ್ತಕ್ಕೆ ಹೋಗುವವನು ಮರುದಿನ ಏಳಕ್ಕೇ ಮಾಳಿಗೆ ಹತ್ತಿದೆ. ಯಂತ್ರಕ್ಕೆ ಸುತ್ತಿದ್ದ ಒದ್ದೆ ಸೀರೆಯನ್ನು ನೀಲವ್ವ ಬಿಚ್ಚಿ ಹಿಂಡುತ್ತಿದ್ದಳು. ನೀರು ಕರ್ರಗೆ ಹರಿಯುತ್ತಿತ್ತು.

"ಇದೇನ್ ನೀಲವ್ವಾ?"

"ನಮ್ಮ ಮನಿಯವ್ರು ಮಲಗೂ ಕಡೆ ಕಿಡಕಿಗಿ ಕಟ್ಟತೀನಲ್ರಿ, ಹಂಗ ಇದಕ್ಕೂ ಸಂಜಿಗೆ ಕಟ್ಟತೀನಿ. ದೂಳ ಕುಡದು ಕೆಡಬಾರದಂತ. ಮೊದಲ ಸೀರಿ ಒಂದ ಮಡಿಕಿ ಸಾಕಾಗತಿತ್ತು. ಈಗ ನಾಕ ಮಡಿಕಿ ಹಾಕಿದ್ರೂ ಹಿಂಗ. ಹೊಲಸ ನಿಮ್ಮ ಕಣ್ಣಿಗೆ ಬೀಳಬಾರದಂತ ನೀವು ಬರೂಕಿಂತ ಮೊದಲ ತಗೀತೀನಿ."

ದೂಳು ಹೆಚ್ಚಿದಷ್ಟೂ ಸೀರೆಯ ಮಡಿಕೆ ಹೆಚ್ಚಿತ್ತು, ಮಡಿಕೆ ಹೆಚ್ಚಿದಷ್ಟೂ ನನ್ನ ಕಾಗದ ಬೆಳ್ಳಗಾಗಿತ್ತು. ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ಆಕೆ ಸೀರೆಯನ್ನು ಎದೆಗೊತ್ತಿಕೊಂಡು ಅಲ್ಲೇ ಕುಸಿದಳು.

"ನನ್ನ ಕೈಯಾರೆ ಮಾಡಿದ್ನೇನ್ರಿ?"

ಸಾಹೇಬರ ಬಳಿ ಓಡಿದೆ. "ಒಪ್ಪಿಗೆ ಕೊಟ್ಟಾಗಿದೆ. ಒಂಬತ್ತು ವರ್ಷ ನೀನು ಬರೆದದ್ದೆಲ್ಲ ಸುಳ್ಳು ಅಂತ ಬರೆದು ಸಹಿ ಹಾಕ್ತೀಯಾ?" ಎಂದರು. ನನಗೂ ಹೆಂಡತಿ ಮಕ್ಕಳಿದ್ದರು. ಹಾಕಲಿಲ್ಲ.

ಚಿಮಣಿ ಎದ್ದ ಚಳಿಗಾಲದಲ್ಲೇ ಸಂಗಣ್ಣ ಹೋದ. ಮಾತಾಡಿಸಿ ಬರಲು ಹೋದಾಗ ನೀಲವ್ವ ಗೋಡೆಗೊರಗಿ ಕೂತಿದ್ದಳು. ಮಾಳಿಗೆಯತ್ತ ಕಣ್ಣೆತ್ತಿ ಕೇಳಿದಳು:

"ಈಗರ ಖರೇ ಹೇಳತೈತೇನ್ರಿ ಆ ಮಶೀನು?"

"ಹೇಳತೈತಿ, ಯವ್ವಾ."

"ಚಲೋ ಆತು ಬಿಡ್ರಿ," ಎಂದು ಎದ್ದು, ಗಂಡ ಮಲಗುತ್ತಿದ್ದ ಹೊರಸಿನ ಮೇಲೆ ಕೂತ ದೂಳನ್ನು ಸೆರಗಿನಿಂದ ಒರೆಸತೊಡಗಿದಳು.