ಸೊಕ್ಕೆಯವರಲ್ಲದ ಸೊಕ್ಕೆ ಮೇಘಶ್ರೀ

ಯಾರಾದರೂ ಫೋಟೊ ತೆಗೆಯಲು ಮೊಬೈಲು ಎತ್ತಿದರೆ ಸಾಕು, ಮೇಘಶ್ರೀಯವರ ಚಪ್ಪಲಿಯ ಪಟ್ಟಿ ಸಡಿಲವಾಗಿಬಿಡುತ್ತಿತ್ತು. ಕವಿಗೋಷ್ಠಿಯಿರಲಿ, ಪುಸ್ತಕ ಬಿಡುಗಡೆಯಿರಲಿ, ಕೊನೆಯಲ್ಲಿ ಎಲ್ಲರೂ ಶಾಲು ಸರಿಪಡಿಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಸಾಲಾಗಿ ನಿಂತು ಹಲ್ಲು ಕಿರಿಯುವ ಆ ಪವಿತ್ರ ಮುಹೂರ್ತದಲ್ಲಿ, ಕೇಳುಗರ ನಡುವಿನಿಂದ ಯಾರೋ ಕೈಹಿಡಿದು ಎಳೆದು ನಿಲ್ಲಿಸಿದ ಈ ಹೆಂಗಸು ತಟಕ್ಕನೆ ಬಾಗಿ ಕಾಲಿನ ಕಡೆ ಕೈಹಾಕುತ್ತಿದ್ದರು. ನನ್ನ ಬಳಿ ಅಂಥ ಹತ್ತಾರು ಗುಂಪುಚಿತ್ರಗಳಿವೆ. ಎಲ್ಲದರಲ್ಲೂ ನಾನು ಧಾರಾಳವಾಗಿ ಕಾಣುತ್ತೇನೆ. ಅವರದು ಮಾತ್ರ ಬಾಗಿದ ಬೆನ್ನು, ಜಡೆಯ ತುದಿ.

ಓದುಗರಿಗೆ ಅವರು ಸೊಕ್ಕೆ ಮೇಘಶ್ರೀ. ದಾವಣಗೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು, ಹೊತ್ತು ಹೋಗದೆ ಆರಂಭಿಸಿದ ಜಾಲಪತ್ರಿಕೆಯಲ್ಲಿ ಕೆಲವು ವರ್ಷ ಕಥೆ ಬರೆದರು. ಹೋದ ವರ್ಷ ಆ ಹೆಸರಿಗೆ ತಾವೇ ಪೂರ್ಣವಿರಾಮ ಹಾಕಿದರು. ಆದ್ದರಿಂದಲೇ ಅವರ ಬಗ್ಗೆ ಬರೆಯಲು ನನಗೆ ಅನುಮತಿ ಸಿಕ್ಕಿರುವುದು, ಅದೂ ಒಂದು ಷರತ್ತಿನ ಮೇಲೆ: ಓದಿದವರಿಗೆ ಮನುಷ್ಯರು ಕಾಣಬೇಕು, ಗುರುತು ಸಿಗಬಾರದು. ವ್ಯಕ್ತಿಚಿತ್ರ ಬರೆಯುವವನಿಗೆ ಇದಕ್ಕಿಂತ ಕಷ್ಟದ ಶಿಕ್ಷೆ ಬೇರೆ ಇಲ್ಲ. ಅವರ ನಿಜವಾದ ಹೆಸರನ್ನು ನಾನು ಹೇಳುವಂತಿಲ್ಲ. ಊರು ನೀರಾವರಿ ಸೀಮೆಯದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಈ ಮೂರು ತಾಲ್ಲೂಕುಗಳಲ್ಲಿ ಒಂದಕ್ಕೆ ಸೇರಿದ್ದು. ಯಾವುದೆಂದು ಕೇಳಿದರೆ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತೇನೆ. ಉದ್ಯೋಗ ಮನೆ ಮನೆಗೆ ಹೋಗಿ ಹೆಂಗಸರೊಡನೆ ಮಾತಾಡುವಂಥದ್ದು, ಅಷ್ಟು ಸಾಕು.

ನಡೆಯುವಾಗ ಬೀದಿಯ ನಡುವನ್ನು ಎಂದೂ ಬಳಸಿದವರಲ್ಲ. ಗೋಡೆಯ ಪಕ್ಕದ ನೆರಳಲ್ಲಿ, ಹಿಂದಿನಿಂದ ಯಾರೋ ಕೂಗಿಯಾರೆಂಬಂತೆ ಕತ್ತನ್ನು ತುಸು ವಾಲಿಸಿಕೊಂಡು, ಗಿಡ್ಡ ಹೆಜ್ಜೆಯ ಚುರುಕು ನಡಿಗೆ. ದಾವಣಗೆರೆಯ ಬಿರುಬೇಸಿಗೆಯಲ್ಲೂ ಸೀರೆಯ ಮೇಲೊಂದು ಗಂಡಸರ ಅರ್ಧತೋಳಿನ ಸ್ವೆಟರು, ಬೆವರಿನ ಹನಿ ಹಣೆಯಿಂದ ಇಳಿಯುತ್ತಿದ್ದರೂ ಬಿಚ್ಚುತ್ತಿರಲಿಲ್ಲ, ಏಕೆಂದರೆ ಅದರ ಎರಡು ಜೇಬುಗಳಲ್ಲಿ ಎರಡು ಮೊಬೈಲು: ಒಂದು ಸಂಸಾರದ್ದು, ಒಂದು ಮೇಘಶ್ರೀಯದ್ದು. ಮೇಘಶ್ರೀಯ ಮೊಬೈಲಿನ ಮುಂಭಾಗದ ಕ್ಯಾಮೆರಾ ಕಣ್ಣಿನ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು. ನಾನು ಅದನ್ನೇ ನೋಡುತ್ತಿದ್ದಾಗ, “ಅದೂ ಮುತ್ತೈದೆಯಾಗಿ ಇರ್ಲಿ ಬಿಡ್ರಿ” ಎಂದು ನಕ್ಕಿದ್ದರು.

ಏನು ಕೇಳಿದರೂ “ಯಾಕೆ ಬೇಕಾಗಿತ್ರೀ?” ಎನ್ನುವುದು ಅವರ ಅಭ್ಯಾಸ. ಆ ಮಾತಿನಲ್ಲಿ ಒರಟುತನ ಎಳ್ಳಷ್ಟೂ ಇರಲಿಲ್ಲ. ಕೇಳಿದವನಿಗೇ ತಾನು ಕೇಳಿದ್ದು ತೀರಾ ಅನಗತ್ಯವೆನ್ನಿಸುವಷ್ಟು ಮೃದುವಾಗಿ ಹೇಳುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು “ಎಲ್ಲಿಗಮ್ಮಾ?” ಎಂದದ್ದಕ್ಕೂ ಬಾಯಿತಪ್ಪಿ ಇದೇ ಉತ್ತರ ಕೊಟ್ಟು, ಅವನು “ಟಿಕೆಟ್ ಹರಿಯಾಕೆ ಬೇಕಲ್ಲಮ್ಮಾ” ಎಂದು, ಬಸ್ಸಿಗೆ ಬಸ್ಸೇ ನಕ್ಕಿತಂತೆ. ಅದನ್ನು ನನಗೆ ಹೇಳುವಾಗಲೂ ಯಾವ ಬಸ್ಸೆಂದು ಹೇಳಲಿಲ್ಲ.

ಸೊಕ್ಕೆ ಅವರ ಊರಲ್ಲ. ಆ ಊರನ್ನು ಅವರು ಕಣ್ಣಿಂದ ಕಂಡವರೂ ಅಲ್ಲ. ನಮ್ಮ ಲೇಖಕರು ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಕೂರಿಸಿಕೊಳ್ಳುವುದು ಹುಟ್ಟಿದ ಮಣ್ಣಿನ ಅಭಿಮಾನದಿಂದ. ಇವರು ಕೂರಿಸಿಕೊಂಡದ್ದು ಹುಟ್ಟಿದ ಮಣ್ಣಿನ ಗುರುತು ಅಳಿಸಲಿಕ್ಕೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಜಗಳೂರಿನ ಕಡೆ ಹೊರಟಿದ್ದ ಬಸ್ಸಿನ ಬೋರ್ಡಿನ ಮೇಲೆ ಆ ಹೆಸರು ಓದಿದರಂತೆ. “ನಮ್ಮ ಕಡೆಯೋರು ಬಯಲುಸೀಮೆ ಕಡೆ ಹೆಣ್ಣು ಕೊಡೋದು ತರೋದು ಕಡಿಮೆ ಮೇಷ್ಟ್ರೇ. ಅಲ್ಲಿ ನಮಗೆ ಬೀಗರಿಲ್ಲ, ನೆಂಟರಿಲ್ಲ. ಯಾರು ಹುಡುಕಿದ್ರೂ ಎಳೆ ಸಿಗಂಗಿಲ್ಲ” ಎಂದರು. ಯಾವ ಅಂತರ್ಜಾಲಕ್ಕಿಂತಲೂ ನೆಂಟಸ್ತಿಕೆಯ ಜಾಲವೇ ನಮ್ಮಲ್ಲಿ ಬೇಗ ಪತ್ತೆಹಚ್ಚುವುದೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಹೆಸರು ಎರವಲು ತಂದ ಮೇಲೆ ನೆಲವನ್ನೂ ತರಬೇಕಲ್ಲ. ತಮ್ಮೂರಲ್ಲಿ ಕಂಡದ್ದನ್ನೆಲ್ಲ ಸೊಕ್ಕೆಗೆ ಒಯ್ದು ನಡೆಸುತ್ತಿದ್ದರು: ಅಡಿಕೆ ತೋಟ ಮೆಕ್ಕೆಜೋಳದ ಹೊಲವಾಗುತ್ತಿತ್ತು, ತುಂಬಿ ಹರಿಯುವ ನಾಲೆ ಒಣಹಳ್ಳವಾಗುತ್ತಿತ್ತು. ಒಂದು ಕಥೆಯಲ್ಲಿ ಮಾತ್ರ ಭತ್ತವನ್ನು ಅಳಿಸಿ ಶೇಂಗಾ ಎಂದು ಬರೆದರು, ಹೆಂಗಸರ ಕೈಯಲ್ಲಿದ್ದ ಕುಡುಗೋಲನ್ನು ಅಳಿಸಲು ಮರೆತರು. ಪೇಟೆಯವನಾದ ನನಗೂ ಅದು ಹೊಳೆಯಲಿಲ್ಲ. ಪ್ರಕಟವಾದ ದಿನವೇ ಸೊಕ್ಕೆಯಿಂದ ತಿಪ್ಪೇಶ್ ಎಂಬ ಓದುಗನ ಫೋನು ಬಂತು. ಅಲ್ಲಿ ಮೊಬೈಲು ರಿಪೇರಿ ಅಂಗಡಿ ಇಟ್ಟುಕೊಂಡಿರುವ ಆತ, ಮೇಘಶ್ರೀಯ ಕಥೆಗಳನ್ನು ಅಂಗಡಿ ಮುಂದೆ ಕೂತ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. “ಸಾರ್, ಶೇಂಗಾ ಕೊಯ್ಯಲ್ಲ, ಕೀಳ್ತಾರೆ. ಮೇಡಂಗೆ ಮೆತ್ತಗೆ ಹೇಳ್ರಿ, ಬೇಜಾರು ಮಾಡ್ಕಳ್ಳದು ಬ್ಯಾಡ” ಎಂದ. ನಾನು ತಿಳಿಸಿದಾಗ ಅವರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. 

ಅವರ ಮನೆಗೆ ನಾನು ಹೋದದ್ದು ಒಂದೇ ಸಲ. ಮಂಡಕ್ಕಿ ಒಗ್ಗರಣೆ, ಮೇಲೆ ಬಿಸಿ ಮೆಣಸಿನಕಾಯಿ ಬೋಂಡಾ ತಂದಿಟ್ಟರು. ಕಾಫಿ ಕುಡಿದರೂ ಕೆಮ್ಮಿದರೂ ಲೋಕಕ್ಕೆ ತಿಳಿಸಿಯೇ ತೀರುವ ನಾನು ಅಭ್ಯಾಸಬಲದಿಂದ ತಟ್ಟೆಯ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಏರಿಸಲು ಹೊರಟೆ. ಅವರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ, ತಟ್ಟೆಯ ಹಿಂದಿನ ಗೋಡೆಯ ಮೂಲೆ ತೋರಿಸಿದರು. ಅಲ್ಲಿ ಕಿರಾಣಿ ಅಂಗಡಿಯೊಂದರ ಕ್ಯಾಲೆಂಡರು. “ನೋಡ್ರಿ, ಊರಿನ ಹೆಸರು ಓದಾಕೆ ಬರ್ತೈತೆ. ಮಂಡಕ್ಕಿ ತಿನ್ರಿ, ಆರಿಹೋಗ್ತೈತೆ.” ಫೋಟೊ ಅಳಿಸಿಯೇ ಮೊಬೈಲು ಹಿಂದಿರುಗಿಸಿದರು. ಅಂದಿನ ಬೋಂಡಾದ ರುಚಿಗೆ ಸಾಕ್ಷಿಯಿಲ್ಲದೇ ಹೋಯಿತಲ್ಲ ಎಂಬ ಕೊರಗು ನನಗೆ ಇನ್ನೂ ಇದೆ.

ಇಷ್ಟೆಲ್ಲ ಯಾಕೆಂದು ನನಗೆ ತಿಳಿದದ್ದು ಅವರ ಅತ್ಯುತ್ತಮ ಕಥೆ ಕೈಸೇರಿದಾಗ. ಹತ್ತನೇ ತರಗತಿಯ ಹುಡುಗಿಯೊಬ್ಬಳು ಮಕ್ಕಳ ಸಹಾಯವಾಣಿಗೆ ತಾನೇ ಫೋನು ಮಾಡಿ ತನ್ನ ಮದುವೆ ನಿಲ್ಲಿಸಿದ ಕಥೆ ಅದು. ಓದಿ ನನ್ನ ಕಣ್ಣು ತುಂಬಿತು. ಇಂಥ ಕಥೆಯ ಜೊತೆ ಲೇಖಕಿಯ ಭಾವಚಿತ್ರ, ಪರಿಚಯ ಇರಲೇಬೇಕೆಂದು ಹಠ ಹಿಡಿದೆ. ಹೆಸರು ಮುಚ್ಚಿಕೊಂಡು ಬರೆಯುವುದು ಎಂಥ ಧೈರ್ಯ ಎಂದು ಕೊಂಕು ನುಡಿದೆ. ಅವರು ಸಿಟ್ಟಾಗಲಿಲ್ಲ.

“ಮೇಷ್ಟ್ರೇ, ನನ್ ಮುಖ ಕಂಡ್ರೆ ನನಗೇನಾಗ್ತೈತೆ? ಆದ್ರೆ ನನ್ ಊರು ಯಾವ್ದು ಅಂತ ಗೊತ್ತಾದ್ರೆ, ಆ ಊರಾಗೆ ನಿಂತುಹೋದ ಮದುವೆ ಒಂದೇ. ಮದುವೆ ನಿಂತಿದ್ದು ಊರಿಗೆಲ್ಲ ಗೊತ್ತು. ಫೋನ್ ಮಾಡಿದ್ದು ಹುಡುಗೀನೇ ಅಂತ ಗೊತ್ತಿರೋದು ಅವಳಿಗೆ, ನನಗೆ. ನನ್ ಮೊಬೈಲಿಂದಾನೇ ಮಾಡಿದ್ಲು. ಶಾಲೆ ಮೇಷ್ಟ್ರು ಮಾಡಿದ್ರು ಅಂತ ಅವರ ಮನೆಯೋರು ತಿಳ್ಕಂಡಾರೆ, ಆ ಮೇಷ್ಟ್ರಿಗೆ ವರ್ಗ ಆಗಿ ಹೋತು. ಇವಳೇ ಅಂತ ಅವರ ದೊಡ್ಡಪ್ಪಗೆ ತಿಳಿದ್ರೆ ನಾಳೆಯಿಂದ ಕಾಲೇಜಿಲ್ಲ, ಹೊರಗೆ ಕಾಲಿಡಾಕೂ ಬಿಡಲ್ಲ.”

“ಹಾಗಾದರೆ ಬರೆಯುವುದೇ ಯಾಕಮ್ಮ?” ಎಂದೆ.

“ಬರೀದಿದ್ರೆ ಎದೆ ಮ್ಯಾಲೆ ಕುಂದರ್ತೈತೆ. ಇನ್ನೊಬ್ಬಳು ಯಾವಳಾದ್ರೂ ಓದಿ ಫೋನ್ ಎತ್ಕಂಡಾಳು ಅಂತ ಒಂದು ಆಸೆ.”

ನನಗೆ ನಾಚಿಕೆಯಾಯಿತು. ಕಥೆ ಭಾವಚಿತ್ರವಿಲ್ಲದೆ ಪ್ರಕಟವಾಯಿತು, ಪ್ರಕಟವಾದ ವಾರದೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಮೊದಲು ಹೊಗಳಿಕೆ. ಆಮೇಲೆ ಯಾರೋ ಇದರಲ್ಲಿರುವುದು ನಮ್ಮ ಜನ, ನಮ್ಮ ಮಾನ ಹರಾಜಾಯಿತೆಂದರು. ಕಥೆಯಲ್ಲಿ ಜಾತಿಯ ಸೊಲ್ಲೇ ಇರಲಿಲ್ಲವೆಂಬುದು ಯಾರಿಗೆ ಬೇಕಿತ್ತು? ಇವಳು ಯಾರು, ಫೋಟೊ ಹಾಕಿ, ನಂಬರ್ ಹಾಕಿ ಎಂಬ ಸಂದೇಶಗಳು ಊರೂರು ಸುತ್ತಿದವು. ನನಗೂ ಫೋನುಗಳು ಬಂದವು. ಬೈದವರು ಪರವಾಗಿಲ್ಲ, ಜೇನು ಸುರಿಸುತ್ತ, “ಮೇಡಂಗೆ ಸನ್ಮಾನ ಮಾಡ್ಬೇಕು, ವಿಳಾಸ ಕೊಡ್ರಿ ಸಾರ್” ಎಂದವರಿಗೇ ನಾನು ಹೆದರಿದ್ದು.

ಆ ದಿನಗಳಲ್ಲೊಮ್ಮೆ ಅವರು ನಮ್ಮ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ಸ್ವೆಟರಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ಕೂತಿದ್ದರು. “ನಂದು ಏನಾದ್ರೂ ಆಗ್ಲಿ ಮೇಷ್ಟ್ರೇ. ಅವಳ ಓದು ಮುಗಿಯಾ ತನಕ ಗೊತ್ತಾಗಬಾರದು. ನಾನೇ ಬರೆದು ನಾನೇ ಅವಳನ್ನ ಹಿಡಿದು ಕೊಟ್ಟಂಗಾಗ್ತೈತೆ” ಎಂದು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮರುದಿನವೇ ಹುಡುಕುವವರು ಕಾರು ಮಾಡಿಕೊಂಡು ಸೊಕ್ಕೆಗೆ ಹೋದರು. ಹೆಸರಿನಲ್ಲೇ ಊರಿದೆಯಲ್ಲ! ಸಂಜೆ ತಿಪ್ಪೇಶನ ಫೋನು ಬಂತು.

“ಬಂದಿದ್ರು ಸಾರ್, ನಾಕು ಜನ. ಮೇಘಶ್ರೀ ಮನೆ ಯಾವ್ದು ಅಂದ್ರು. ಅಂಗಡಿ ಮುಂದೆ ಚೌಡಮ್ಮಜ್ಜಿ ಕುಂತಿದ್ಲು. ‘ನಮ್ಮ ಹುಡುಗೀನೇ, ಏನಾಗ್ಬೇಕಿತ್ತು?’ ಅಂದ್ಲು. ‘ಎಲ್ಲಿ ಅದಾಳೆ?’ ಅಂದ್ರು. ‘ಹೊಲಕ್ಕೆ ಹೋಗ್ಯಾಳೆ, ಬಂದಾಗ ಬರ್ತಾಳೆ. ಅವಳು ಬರೆದಿದ್ರಾಗೆ ಸುಳ್ಳೇನೈತೆ, ಮೊದಲು ಅದನ್ನ ಹೇಳ್ರಪ್ಪಾ, ಆಮ್ಯಾಲೆ ಮನೆ ತೋರಿಸ್ತೀನಿ’ ಅಂದ್ಲು. ಅಷ್ಟೊತ್ತಿಗೆ ನಮ್ಮೂರೋರು ಇಪ್ಪತ್ತು ಮೂವತ್ತು ಜನ ಸೇರಿದ್ರು. ಅವರು ನಿಲ್ಲಲಿಲ್ಲ ಸಾರ್.”

 ಪಾಪ, ಈ ಮುಗ್ಧರಿಗೆ ನಿಜ ಹೇಳಿಬಿಡೋಣವೆನ್ನಿಸಿ, “ತಿಪ್ಪೇಶ್, ಒಂದು ವಿಷಯ...” ಎಂದು ತೊದಲಿದೆ.

“ಬ್ಯಾಡ ಬಿಡ್ರಿ ಸಾರ್” ಎಂದ. “ಕುಡುಗೋಲು ಹಿಡ್ಕಂಡು ಶೇಂಗಾ ಕೊಯ್ದಾಗ್ಲೇ ನಮಗೆ ಗೊತ್ತಾತು. ಯಾವೂರೋರೋ ಏನೋ. ನಮ್ಮೂರ ಹೆಸರಿನಾಗೆ ಕುಂತಾರೆ, ಎಬ್ಬಿಸಾಕಾಗ್ತೈತಾ?”

ಸೊಕ್ಕೆಯವರು ಆಮೇಲೆ ಶಾಲೆಯ ವಾರ್ಷಿಕೋತ್ಸವಕ್ಕೆ ಮೇಘಶ್ರೀಯನ್ನು ಕರೆದರು. ಅವರು ಹೋಗಲಿಲ್ಲ. ಚೌಡಮ್ಮನ ಕಾಲು ಮುಟ್ಟಿ ಬರಬೇಕೆಂದು ಎಷ್ಟು ಹಂಬಲಿಸಿದರೆಂಬುದನ್ನು ನಾನು ಬಲ್ಲೆ. “ಹೋದ್ರೆ ಯಾರಾದ್ರೂ ಫೋಟೊ ತೆಗೀತಾರೆ” ಎಂದಷ್ಟೇ ಹೇಳಿ ಮಾತು ಮುಗಿಸಿದರು. ಚೌಡಮ್ಮ ಆ ಮಳೆಗಾಲದಲ್ಲಿ ತೀರಿಕೊಂಡಳು. ತನ್ನದಲ್ಲದ ಮನೆಯ ಮಗಳನ್ನು ಕಾಯ್ದ ಆ ಮುದುಕಿಯನ್ನು ಅವರು ನೋಡಲೇ ಇಲ್ಲವೆಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಗದ್ದಲ ತಾನಾಗಿ ತಣ್ಣಗಾಯಿತು. ಹುಡುಗಿ ಓದಿದಳು, ಹೋದ ವರ್ಷ ದೂರದ ಊರೊಂದರ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ಆಗ ಅವರು ನನಗೆ, ಅದುವರೆಗೆ ಮುಚ್ಚಿಟ್ಟುಕೊಂಡಿದ್ದ ಸಂಗತಿಯೊಂದನ್ನು ಹೇಳಿದರು. ಕಥೆ ಊರೂರು ಸುತ್ತುತ್ತಿದ್ದಾಗ ಅದು ಆ ಹುಡುಗಿಯ ಕೈಗೂ ಬಂದಿತ್ತಂತೆ. ಊರು, ಮನೆ, ಕಸುಬು, ಅಕ್ಕತಂಗಿಯರು, ಮಾತಿನ ಧಾಟಿ ಎಲ್ಲವನ್ನೂ ಎಷ್ಟು ಜತನದಿಂದ ಬದಲಿಸಿದ್ದರೆಂದರೆ, ತನ್ನ ಕಥೆಯೆಂದು ಅವಳಿಗೇ ತಿಳಿಯಲಿಲ್ಲ. ಅವಳು ಅದನ್ನು ಇವರ ಸಂಸಾರದ ಮೊಬೈಲಿಗೇ ಕಳಿಸಿ, ಕೆಳಗೆ ಬರೆದಿದ್ದಳು: “ಅಕ್ಕಾ, ಓದ್ರಿ. ನನ್ನಂಗೇ ಜಗಳೂರು ಕಡೆ ಒಬ್ಬಳು ಅದಾಳೆ.”

ಕೆಲಸಕ್ಕೆ ಹೊರಡುವ ಹಿಂದಿನ ದಿನ ಇವರು ಅವಳನ್ನು ಕೂರಿಸಿಕೊಂಡು ನಿಜ ಹೇಳಿದರು: ಬರೆದದ್ದು ನಾನು, ಆ ಹುಡುಗಿ ನೀನೇ. ಅವಳು ಕುಣಿದಾಡುತ್ತಾಳೆ, ಇಲ್ಲವೇ ಮುನಿಸಿಕೊಳ್ಳುತ್ತಾಳೆಂದು ಇವರು ಎಣಿಸಿದ್ದರು. ಅವಳ ಮುಖ ಬಾಡಿತಂತೆ.

“ಹಂಗಾದ್ರೆ ಸೊಕ್ಕೆಯಾಗೆ ಅವಳು ಇಲ್ವೇನಕ್ಕಾ? ಮನ್ಯಾಗೆ ಬೈದಾಗೆಲ್ಲ ನಾನು ಅವಳನ್ನೇ ನೆನೆಸ್ಕಂತಿದ್ದೆ. ಅವಳು ತಡ್ಕಂಡಾಳಲ್ಲ, ನಾನೂ ತಡ್ಕಳನ ಅಂತ.”

ಈ ಬರಹ ಅಚ್ಚಾಗುವ ಮೊದಲು ಓದಿ, ಹೆಸರಿಲ್ಲದೆ ಹಾಕಿರೆಂದು ಒಪ್ಪಿಗೆ ಕೊಟ್ಟವಳೂ ಅವಳೇ. ಮೇಘಶ್ರೀ ಎಂಬ ಹೆಸರು ನಿಂತುಹೋಗಿದೆ. ಅವರು ಈಗ ಬೇರೆ ಹೆಸರಲ್ಲಿ, ಬೇರೊಂದು ಊರನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದಾರೆ, ಅದನ್ನು ನಾನು ಹೇಳುವುದಿಲ್ಲ. ಇಂಥ ಬರಹಗಾರರು ನಮ್ಮ ಸೀಮೆಯಲ್ಲಿ ಇನ್ನೆಷ್ಟು ಜನರಿದ್ದಾರೋ. ಬಾಗಿಲು ಹಾಕಿಕೊಂಡವರೆಂದು ನಾವು ಅವರನ್ನು ಆಡಿಕೊಳ್ಳುತ್ತೇವೆ. ಆ ಬಾಗಿಲ ಒಳಗೆ ಇರುವವರು ಅವರನ್ನು ನಂಬಿ ಬಾಯಿಬಿಟ್ಟ ಮಂದಿ. ಬರೆದವರು ತಾವು ಹೊರಗೇ, ಬಿಸಿಲಿನಲ್ಲೇ, ಯಾರೂ ತೆರೆಯದಂತೆ ಕೈಯನ್ನು ಚಿಲಕದ ಮೇಲಿಟ್ಟುಕೊಂಡು ನಿಂತಿರುತ್ತಾರೆ.