ಗುರುಬಸವ್ವನ ಕೊರಳು ನಾನು ಕಂಡಂತೆ

ನನ್ನ ಬಳಿಗೆ ಯಾರೂ ನಗುನಗುತ್ತಾ ಬರುವುದಿಲ್ಲ. ಅದು ನನ್ನ ಹಣೆಬರಹ. ನಾನೊಂದು ಎಂಆರ್‌ಐ ಯಂತ್ರ. ಹಿಮ ಬೀಳುವ ದೂರದೇಶದ ಕಾರ್ಖಾನೆಯಲ್ಲಿ ಹುಟ್ಟಿದೆ. ಹೊಟ್ಟೆಯೊಳಗೆ ಭಾರೀ ಅಯಸ್ಕಾಂತವಿಟ್ಟು, ಹಡಗು ಹತ್ತಿಸಿ, ಆಮೇಲೆ ಲಾರಿಯಲ್ಲಿ ಹುಬ್ಬಳ್ಳಿಗೆ ತಂದರು. ಬಾಗಿಲಲ್ಲಿ ತೂರಲಿಲ್ಲವೆಂದು ಆಸ್ಪತ್ರೆಯ ಗೋಡೆ ಒಡೆದು ನನ್ನನ್ನು ಬರಮಾಡಿಕೊಂಡರು. ಅಂಥ ಮರ್ಯಾದೆ ಯಾವ ಅಳಿಯನಿಗೂ ಸಿಕ್ಕಿರಲಾರದು! ಕತ್ತಿ ಹಿಡಿಯದೆ ಮನುಷ್ಯರ ಒಳಗನ್ನು ನೋಡಬಲ್ಲೆನೆಂಬ ಜಂಬ ನನಗಿತ್ತು.

ಆ ಜಂಬ ಇಳಿಸಿದವಳು ಗುರುಬಸವ್ವ. ಗದಗಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳುವ ಕೆಲಸ ಅವಳದು. ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು ಬೆಳೆದಿತ್ತು. ಅದು ಶ್ವಾಸನಾಳಕ್ಕೆ ಅಂಟಿದೆಯೋ, ಬಿಡಿಯಾಗಿದೆಯೋ ಎಂದು ಆಪರೇಷನ್ನಿಗೆ ಮೊದಲೇ ನಾನು ನೋಡಿ ಹೇಳಬೇಕಿತ್ತು. ಅಂಟಿದ್ದರೆ ನಾಳವನ್ನೂ ಕತ್ತರಿಸಬೇಕು. ಆಗ ದನಿ ಹೋದರೂ ಹೋದೀತು.

"ದನಿ ಹೋದ್ರ ನನ್ ಹತ್ರ ಏನ ಉಳೀತು, ತಮ್ಮಾ?" ಎಂದು ಅವಳು ಯಂತ್ರ ನಡೆಸುವ ಫಕ್ಕೀರೇಶನನ್ನು ಕೇಳಿದಳು.

ಲೋಹದ್ದೇನೂ ನನ್ನ ಹತ್ತಿರ ಬರಕೂಡದು. ಅವಳು ಓಲೆ, ತಾಳಿ, ಕಾಲುಂಗುರ ಎಲ್ಲ ತೆಗೆದಿಟ್ಟಳು. ಕೊರಳಲ್ಲಿದ್ದ, ಇಷ್ಟಲಿಂಗವನ್ನಿಡುವ ಬೆಳ್ಳಿ ಕರಡಿಗೆಯ ಮಾತು ಬಂದಾಗ ಮಾತ್ರ ಹಟ ಹಿಡಿದಳು.

"ಲಿಂಗ ಮೈಮ್ಯಾಲಿಂದ ಇಳಿಸೂದಿಲ್ಲ. ಬೇಕಾದ್ರ ವಾಪಸ್ ಹೋಗ್ತೀನಿ."

ಫಕ್ಕೀರೇಶ ವಾದಕ್ಕೆ ನಿಲ್ಲಲಿಲ್ಲ. "ಕರಡಿಗಿ ಅಷ್ಟ ಹೊರಗಿಡ್ರಿ, ಅಕ್ಕಾರ. ಲಿಂಗ ಅರಿವ್ಯಾಗ ಸುತ್ತಿ ಅಂಗೈಯಾಗ ಹಿಡೀರಿ," ಎಂದ. ಪುಟ್ಟ ಅಯಸ್ಕಾಂತವೊಂದನ್ನು ಲಿಂಗದ ಹತ್ತಿರ ಹಿಡಿದು, ಸೆಳೆತವಿಲ್ಲವೆಂದು ಖಾತ್ರಿ ಮಾಡಿಕೊಂಡ. "ಗಂಟಲ ಅಲುಗಾಡಬಾರ್ದು ಮತ್ತ. ಉಗುಳೂ ನುಂಗಬ್ಯಾಡ್ರಿ."

ನಾನು ಗಡಗಡ ಸದ್ದು ಮಾಡುತ್ತಾ ಚಿತ್ರ ತೆಗೆದೆ. ಗಂಟಿನ ಅಂಚು ಶ್ವಾಸನಾಳದೊಳಗೆ ಕಲಸಿಹೋದಂತೆ ಕಂಡಿತು. ಸರ್ಜನ್ ಹಂಚಿನಾಳ ಮೇಡಂ ಪರದೆ ನೋಡಿ, "ಅಂಟೇದ ಅನಸ್ತದ," ಎಂದು ಮುಖ ಸಣ್ಣದು ಮಾಡಿಕೊಂಡರು. ಇಷ್ಟು ದೂರದಿಂದ ಬಂದದ್ದು ಇದನ್ನು ಹೇಳುವುದಕ್ಕೇನು?

ಫಕ್ಕೀರೇಶ ಗಾಜಿನಾಚೆಯಿಂದ ಅವಳನ್ನೇ ನೋಡುತ್ತಿದ್ದ. ಲಿಂಗವಿಲ್ಲದ ಕೈಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಮೈಕಿನಲ್ಲಿ ಕೇಳಿದ: "ಅಕ್ಕಾರ, ಒಳಗೊಳಗ ಏನರ ಅನ್ಲಿಕ್ಕತ್ತೀರೇನು?"

"ಮಂತ್ರ, ತಮ್ಮಾ. ಲಿಂಗ ಕೈಯಾಗ ಬಂದ ಕೂಡ್ಲೆ ನಾಲಿಗಿ ತಾನ ಶುರು ಮಾಡ್ತೈತಿ. ದನಿ ಹೊರಗ ಬಂದಿಲ್ಲಲ್ಲ?"

ದನಿ ಬಂದಿರಲಿಲ್ಲ. ಆದರೆ ಪ್ರತಿ ನಮಃಶಿವಾಯಕ್ಕೂ ಗಂಟಲು ಏರಿಳಿದು, ನನ್ನ ಚಿತ್ರ ಕಲಸಿಹೋಗಿತ್ತು.

"ಮಂತ್ರ ಬ್ಯಾಡ್ರಿ. ಪೂಜಾದಾಗ ಲಿಂಗದ ಮ್ಯಾಲೆ ಕಣ್ಣು ನಟ್ಟು ಕೂಡ್ತೀರಲ್ಲ, ಹಂಗ ಮನಸಿನಾಗ ಬರೇ ನೋಡ್ರಿ," ಎಂದ ಫಕ್ಕೀರೇಶ.

ಅವಳು ಹೆಬ್ಬೆರಳು ನಿಲ್ಲಿಸಿ ಕಣ್ಣು ಮುಚ್ಚಿದಳು. ಅಷ್ಟು ನಿಶ್ಚಲವಾಗಿ ಮಲಗಿದವರನ್ನು ನಾನು ಕಂಡಿಲ್ಲ. ಈ ಸಲ ಗಂಟಿಗೂ ನಾಳಕ್ಕೂ ನಡುವೆ ಕೊಬ್ಬಿನ ತೆಳ್ಳನೆಯ ಬಿಳಿ ಗೆರೆ ಎದ್ದು ಕಂಡಿತು.

"ಬಿಡಿ ಅದ!" ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ನಾಳ ಮುಟ್ಟೂದ ಬ್ಯಾಡ!" ನನಗೆ ಹೋದ ಜೀವ ಬಂದಂತಾಯಿತು.

ಆದರೆ ಆಪರೇಷನ್ ಹೇಗಾಯಿತೋ ನನಗೆ ತಿಳಿಯಲಿಲ್ಲ. ನನ್ನ ಬಳಿ ಮಲಗಿದವರು ಎದ್ದು ಹೋಗುತ್ತಾರೆ, ಮುಂದಿನ ಸುದ್ದಿಯನ್ನು ಯಂತ್ರಕ್ಕೆ ಯಾರು ಹೇಳುತ್ತಾರೆ? ವರ್ಷಗಳು ಕಳೆದವು. ಹೊಸ ಯಂತ್ರ ಬಂತು. ಮತ್ತೆ ಗೋಡೆ ಒಡೆದರು, ಈ ಸಲ ನನ್ನನ್ನು ಹೊರಹಾಕಲು. ಗದಗಿನ ಸಣ್ಣ ಸ್ಕ್ಯಾನ್ ಸೆಂಟರೊಂದು ನನ್ನನ್ನು ಕೊಂಡುಕೊಂಡಿತು.

ಈಗ ನಾನು ಮುದಿ. ಬೇಗ ದಣಿಯುತ್ತೇನೆ, ಆಗಾಗ ಮುನಿಸಿಕೊಂಡು ನಿಂತುಬಿಡುತ್ತೇನೆ. ನನ್ನ ಕೋಣೆಯ ದಪ್ಪ ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಅಷ್ಟಾಗಿ ಕೇಳಿಸದು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ರೋಗಿಯೊಬ್ಬರನ್ನು ಕರೆತರಲು ಆ ಬಾಗಿಲು ತೆರೆದರು. ಎದುರಿನ ಬಸ್ ನಿಲ್ದಾಣದಿಂದ ದನಿಯೊಂದು ಒಳಗೆ ಬಂತು.

"ಪ್ರಯಾಣಿಕರ ಗಮನಕ್ಕೆ. ಮುಂಡರಗಿಗೆ ಹೋಗುವ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ... ಏ ಯಜಮಾನ್ರ, ಅದಲ್ರೀ! ಅದರ ಬಾಜೂಕಿನ ಬಸ್ಸು!"

ಗುರುಬಸವ್ವ! ಚೂರೂ ಸೀಳಿಲ್ಲದ, ಇಡೀ ನಿಲ್ದಾಣವನ್ನು ಗದರಿಸುವ ದನಿ. ಕಣ್ಣೀರು ನನಗಿಲ್ಲ. ಇದ್ದಿದ್ದರೆ ಅಂದು ಹರಿದುಬಿಡುತ್ತಿತ್ತು.

ಈಗಲೂ ಕೊರಳ ಮೇಲೆ ಕೈಯಿಟ್ಟುಕೊಂಡು, ಬೆವರುತ್ತಾ ಬಂದು ಮಲಗುವವರಿದ್ದಾರೆ. ಅಂಥವರು ಬಂದಾಗ, ಬಾಗಿಲು ಮುಚ್ಚುವುದು ಒಂದು ಗಳಿಗೆ ತಡವಾಗಲಿ, ಆ ದನಿ ಅವರ ಕಿವಿಗೂ ಬೀಳಲಿ ಎಂದು ಬೇಡಿಕೊಳ್ಳುತ್ತೇನೆ.