ಜ್ವರಕ್ಕೆ ಕೂತ ಹುಳು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಮಾಯಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಹಿತ್ತಿಲಿಗೆ ತಂದು ಹಸುವಿನ ಮುಂದೆ ಹರಡುತ್ತಿದ್ದಳು. ರೇಷ್ಮೆಹುಳು ಸಾಕುವುದನ್ನು ಬಿಟ್ಟು ವರ್ಷವಾಗಿದ್ದರೂ ಊರವರ ಕಣ್ಣಿಗೆಂದು ದಿನವೂ ಸೊಪ್ಪು ಕುಯ್ಯುತ್ತಿದ್ದಳು.

"ಮಾಯಕ್ಕಾ!" ಪಕ್ಕದ ಮನೆಯ ಕಾವೇರಮ್ಮನ ಕೂಗು ಕೇಳಿ ಮುಂಬಾಗಿಲಿಗೆ ಓಡಿದಳು. "ನನ್ ಹುಳ ಹಣ್ಣಾಗ್ಬುಟ್ಟವೆ ಕಣಕ್ಕ. ಹೋದ್ ವರ್ಸ ಇಸ್ಕೊಂಡಿದ್ಯಲ್ಲ ನಾಕ್ ಚಂದ್ರಿಕೆ, ಬಿರ್ನೆ ಕೊಡು."

ಹಣ್ಣಾದ ಹುಳು ಕಾಯುವುದಿಲ್ಲ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಸುರಿಸಿಬಿಡುತ್ತದೆ. ಕಾವೇರಮ್ಮನ ತಿಂಗಳ ದುಡಿಮೆ ಮಣ್ಣುಪಾಲು. ಮಾಯಮ್ಮನಿಗೆ ಅದು ಗೊತ್ತಿತ್ತು.

"ಒಳಕ್ ಬರ್ಬ್ಯಾಡ ಕಣಮ್ಮಿ. ನಮ್ಮವು ಜ್ವರಕ್ಕೆ ಕೂತವೆ."

ಹುಳು ಮೇವು ಬಿಟ್ಟು ಪೊರೆ ಕಳಚಲು ಕೂತ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ವರ್ಷದಿಂದ ಆ ಮಾತೇ ಅವಳ ಬಾಗಿಲ ಅಗುಳಿಯಾಗಿತ್ತು.

"ದಸರಾದಲ್ಲೂ ಜ್ವರ, ಸಂಕ್ರಾಂತೀಲೂ ಜ್ವರ. ಡಾಕ್ಟ್ರಿಗಾದ್ರೂ ತೋರ್ಸಕ್ಕ ನಿನ್ ಹುಳವ!" ಕಾವೇರಮ್ಮ ನಕ್ಕಳು. ಮರುಗಳಿಗೆ ಅವಳ ದನಿ ಕುಗ್ಗಿತು. "ಹೊತ್ತಿಲ್ಲ ಕಣಕ್ಕ. ನಿನ್ ಕಾಲಿಗ್ ಬೀಳ್ತೀನಿ."

ಜಗಲಿಯಲ್ಲಿದ್ದ ಮಾಯಮ್ಮನ ಗಂಡ ಪುಟ್ಟಸ್ವಾಮಿ ತಲೆ ಎತ್ತಲಿಲ್ಲ. ಅವನ ಹಾಸಿಗೆ, ಮನೆಯ ಒಲೆ, ಪಾತ್ರೆ ಎಲ್ಲವೂ ಜಗಲಿಗೇ ಬಂದಿದ್ದವು.

ಮಾಯಮ್ಮ ಬಾಗಿಲು ತಳ್ಳಿದಳು. ಅದು ಒಂದು ಗೇಣು ತೆರೆದು ನಿಂತಿತು.

ಟಾನಿಕ್ ಬಾಟಲಿಗಳು, ಒಂಟಿ ಚಪ್ಪಲಿಗಳು, ಯಾರಯಾರದೋ ಮದುವೆ ಪತ್ರಿಕೆಗಳು, ತೊಳೆದು ಮಡಿಸಿದ ಹಾಲಿನ ಕವರುಗಳ ಕಟ್ಟು, ತೊಲೆಯವರೆಗೂ. ಹುಳು ಎಲ್ಲೂ ಇರಲಿಲ್ಲ. ಕಾವೇರಮ್ಮ ಮೂಗಿಗೆ ಒಯ್ದ ಸೆರಗನ್ನು ಹಾಗೇ ಇಳಿಸಿದಳು. ಬೈದುಬಿಟ್ಟಿದ್ದರೇ ಚೆನ್ನಾಗಿತ್ತು ಅನ್ನಿಸಿತು ಮಾಯಮ್ಮನಿಗೆ.

"ಚಂದ್ರಿಕೆ ಎಲ್ಲವೆ?"

"ಹಿಂದ್ಗಡೆ ಗೋಡೆಗೆ."

ಇಬ್ಬರೂ ಅಡ್ಡಲಾಗಿ ನುಸುಳಿ, ದಾರಿಗಡ್ಡವಿದ್ದ ಸಾಮಾನನ್ನು ಒಂದೊಂದಾಗಿ ಅಂಗಳಕ್ಕೆ ಎತ್ತಿಟ್ಟರು. ತಳ ಒಡೆದ ಪ್ಲಾಸ್ಟಿಕ್ ಕೊಡವೊಂದನ್ನು ಕಾವೇರಮ್ಮ ತಿಪ್ಪೆಗೆ ಎಸೆಯಹೋದಾಗ ಮಾಯಮ್ಮ ಅವಳ ಕೈ ಹಿಡಿದಳು.

"ಬ್ಯಾಡ ಕಣಮ್ಮಿ. ಬೇಕಾಯ್ತದೆ."

"ಯಾತಕ್ಕಕ್ಕ?"

ಮಾಯಮ್ಮನಿಗೆ ಆ ಕೈ ಬಿಡಲಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡು ಚಂದ್ರಿಕೆ ಸಿಕ್ಕವು. ಇನ್ನೆರಡು ರಾಶಿಯ ಅಡಿಯಲ್ಲೇ ಉಳಿದವು. "ಸಾಕು ಬುಡಕ್ಕ, ಉಳಿದವ್ನ ಬ್ಯಾರೆ ಕಡೆ ಕೇಳ್ತೀನಿ," ಎಂದ ಕಾವೇರಮ್ಮ ಅವನ್ನು ತಲೆಯ ಮೇಲಿಟ್ಟುಕೊಂಡು ಓಡುನಡಿಗೆಯಲ್ಲಿ ಹೋದಳು.

ಕೈಲಾಂಚದ ಕಡೆಯಿಂದ ಬಂದ ಬಸ್ಸು ಎದುರಿಗೇ ನಿಂತಿತು. ಇಳಿದವರು ಅಂಗಳದತ್ತ ನೋಡುತ್ತ ನಡಿಗೆ ನಿಧಾನ ಮಾಡಿದರು. ಮಾಯಮ್ಮ ಗೋಡೆಗೆ ಮುಖ ಮಾಡಿ ಕೂತಳು. ಪುಟ್ಟಸ್ವಾಮಿ ಎದ್ದು ಬಂದು, ಹೆಗಲ ಟವೆಲನ್ನು ಕೊಡವಿ ಅಂಗಳದ ರಾಶಿಯ ಮೇಲೆ ಹೊದಿಸಿದ. ಅದು ಕಾಲುಭಾಗವನ್ನೂ ಮುಚ್ಚಲಿಲ್ಲ. ಅವನು ಅಂಚು ಎಳೆದೆಳೆದು ಸರಿಮಾಡುತ್ತಲೇ ಇದ್ದ.